ದನದ ಸೆಗಣಿ ಪರೀಕ್ಷೆ: ಯಾವ ಹುಳುವಿಗೆ ಯಾವುದು?



ಕೆಮ್ಮಣ್ಣು, ಹೂಡೆ, ಕಲ್ಯಾಣಪುರದ ಕಡೆ ಬೈಲು ಗದ್ದೆಗಳ ನೀರು ಬೇಗ ಇಳಿಯುವುದಿಲ್ಲವೆಂಬುದು ನಿಮಗೆ ಗೊತ್ತಿರುವ ಮಾತೇ. ಏಣೆಲು ಕೊಯ್ಲು ಮುಗಿದ ಮೇಲೂ ತೋಡಿನ ಬದಿಯಲ್ಲಿ ಹಸಿರು ಹುಲ್ಲು ಉಂಟು. ದನಕ್ಕೆ ಅದು ಬಲು ಇಷ್ಟ. ಆದರೆ ಆ ಹುಲ್ಲಿನೊಡನೆ ಲಿವರ್ ಹುಳುವೂ ಹೊಟ್ಟೆ ಸೇರಬಹುದು. ಅದನ್ನು ಪತ್ತೆ ಮಾಡುವ ಪರೀಕ್ಷೆಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ಈ ದಿನ ಹೇಳುತ್ತೇನೆ. ಮೊದಲು ನಾನೇ ಎಡವಿದ ಸಂಗತಿಯನ್ನು ಕೇಳಿ.

ಕೆಲವು ವರ್ಷಗಳ ಹಿಂದೆ ಒಂದು ಮನೆಯವರು ಚೌತಿ ಕಳೆದ ಮೇಲೆ ಬೈಲಿನ ಅಂಚಿನ ಹುಲ್ಲು ಕೊಯ್ದು ಹಟ್ಟಿಗೆ ಹಾಕುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅವರ ದನ ಮತ್ತು ಕಡಸು ಎರಡೂ ಸೊರಗಿದವು. ನಾನು ಎರಡರ ಸೆಗಣಿಯನ್ನೂ ಪರೀಕ್ಷೆಗೆ ಕೊಂಡುಹೋದೆ. ಅವು ಎಲ್ಲಿಯ ಹುಲ್ಲು ತಿನ್ನುತ್ತವೆ ಎಂದು ಅಲ್ಲಿ ಹೇಳಲಿಲ್ಲ. ಸಾಮಾನ್ಯ ಪರೀಕ್ಷೆಯಾಯಿತು. ಚೀಟಿಯಲ್ಲಿ “ಮೊಟ್ಟೆ ಕಂಡುಬಂದಿಲ್ಲ” ಎಂದು ಬರೆದಿತ್ತು. ನಾನು ಮನೆಯವರಿಗೆ “ಹುಳ ಇಲ್ಲಮ್ಮ, ಹಿಂಡಿ ಸ್ವಲ್ಪ ಹೆಚ್ಚು ಹಾಕಿ” ಎಂದೆ. ಮಕರ ಸಂಕ್ರಾಂತಿ ಕಳೆದು ಕಡಸು ಸತ್ತಿತು. ಪಶುವೈದ್ಯರು ಕೊಯ್ದು ನೋಡಿದಾಗ ಲಿವರಿನ ಪಿತ್ತನಾಳಗಳು ಗಟ್ಟಿಯಾಗಿ, ಒಳಗೆ ಎಲೆಯಂಥ ಚಪ್ಪಟೆ ಹುಳುಗಳು ತುಂಬಿದ್ದವು. ಆ ತಾಯಿ ನನ್ನನ್ನು ನೋಡಿ, “ಹುಳ ಇಲ್ಲ ಅಂತ ಅಲ್ವಾ ಸಾರ್ ನೀವು ಹೇಳಿದ್ದು?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಚೀಟಿಯಲ್ಲಿದ್ದ ಮಾತು ಸುಳ್ಳಲ್ಲ. ಮೊಟ್ಟೆ ಕಾಣಲಿಲ್ಲ ಎಂದರೆ ಹುಳು ಇಲ್ಲವೆಂದೇ ನಾನು ತಿಳಿದುಕೊಂಡದ್ದು ತಪ್ಪು. ಹೇಗೆಂದು ನೋಡೋಣ.

ಲಿವರ್ ಹುಳು ಪಿತ್ತನಾಳದಲ್ಲಿ ವಾಸ ಮಾಡುತ್ತದೆ. ಅದರ ಮೊಟ್ಟೆ ಪಿತ್ತದೊಡನೆ ಕರುಳಿಗೆ ಇಳಿದು, ಸೆಗಣಿಯಲ್ಲಿ ಹೊರಬೀಳುತ್ತದೆ. ನೀರಿನಲ್ಲಿ ಅದು ಒಡೆದು, ಮರಿ ಒಂದು ಜಾತಿಯ ಸಣ್ಣ ಬಸವನಹುಳುವಿನ ಮೈಯನ್ನು ಹೊಗುತ್ತದೆ. ಅಲ್ಲಿ ಒಂದು ಹಲವಾಗಿ, ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿ ಕುಳಿತುಕೊಳ್ಳುತ್ತದೆ. ಈ ಬಳಗದ ಹುಳುವಿನ ಈ ಸುತ್ತನ್ನು 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಥಾಮಸ್, ಜರ್ಮನಿಯ ಲ್ಯೂಕಾರ್ಟ್ ಎಂಬಿಬ್ಬರು ಬೇರೆ ಬೇರೆಯಾಗಿಯೇ ಕಂಡುಹಿಡಿದರು. ದನ ಆ ಹುಲ್ಲನ್ನು ತಿಂದರೆ ಎಳೆಯ ಹುಳು ಲಿವರನ್ನು ಕೊರೆಯುತ್ತಾ ವಾರಗಟ್ಟಲೆ ತಿರುಗುತ್ತದೆ. ಬೆಳೆದು ಮೊಟ್ಟೆಯಿಡಲು ನಮ್ಮ ದೇಶದ ಜಾತಿಗೆ ಮೂರು ತಿಂಗಳಾದರೂ ಬೇಕು. ಚೌತಿಗೆ ಹೊಕ್ಕ ಹುಳು ದೀಪಾವಳಿಗೆ ಮೊಟ್ಟೆ ತೋರಿಸೀತೇ? ಇದು ಮೊದಲನೆಯ ಕಾರಣ.

ಎರಡನೆಯದು ಪರೀಕ್ಷೆಯ ಬಗೆ. ಸೆಗಣಿಯನ್ನು ಪರೀಕ್ಷಿಸುವ ರೀತಿ ಮುಖ್ಯವಾಗಿ ಎರಡು. ಒಂದು, ತೇಲಿಸುವುದು. ಸೆಗಣಿಯನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿ ಇಟ್ಟರೆ, ಹಗುರವಾದ ಮೊಟ್ಟೆಗಳು ಮೇಲೆ ಬರುತ್ತವೆ. ದುಂಡುಹುಳುಗಳಿಗೆ, ಅದರಲ್ಲೂ ಎಳೆಗರುವಿನ ಹೊಟ್ಟೆಹುಳುವಿಗೆ, ಇದು ಒಳ್ಳೆಯದು. ಆದರೆ ಲಿವರ್ ಹುಳುವಿನ ಮೊಟ್ಟೆ ಭಾರ. ಅದು ಈ ಉಪ್ಪುನೀರಿನಲ್ಲಿ ಮೇಲೇಳುವುದಿಲ್ಲ. ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿದಾಗ ಜೊಳ್ಳು ತೇಲಿ, ಗಟ್ಟಿಕಾಳು ತಳ ಸೇರುತ್ತದಲ್ಲ, ಹಾಗೆಯೇ.

ಎರಡನೆಯ ರೀತಿ, ತಳಕ್ಕಿಳಿಸುವುದು. ಸೆಗಣಿಯನ್ನು ಬರಿ ನೀರಿನಲ್ಲಿ ಕದಡಿ, ಸೋಸಿ, ಇಟ್ಟು, ಮೇಲಿನ ನೀರನ್ನು ಚೆಲ್ಲಬೇಕು. ನೀರು ತಿಳಿಯಾಗುವ ತನಕ ಹೀಗೆಯೇ ಮಾಡಿ, ತಳದ ಗಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಹನಿ ಹಾಕಿದರೆ ಕಸವೆಲ್ಲ ನೀಲಿಯಾಗಿ, ಲಿವರ್ ಹುಳುವಿನ ಮೊಟ್ಟೆ ಮಾತ್ರ ಹೊನ್ನಿನ ಹಳದಿಯಾಗಿ ಎದ್ದು ಕಾಣುತ್ತದೆ. ಮೆಲುಕು ಹಾಕುವ ದೊಡ್ಡ ಹೊಟ್ಟೆಯಲ್ಲಿರುವ ಇನ್ನೊಂದು ಚಪ್ಪಟೆ ಹುಳುವಿನ ಮೊಟ್ಟೆಯೂ ಆಕಾರದಲ್ಲಿ ಹೀಗೆಯೇ, ಆದರೆ ಅದಕ್ಕೆ ಬಣ್ಣವಿಲ್ಲ. ಕಡಸು ಸತ್ತ ಮೇಲೆ ಆ ಮನೆಯ ದನಕ್ಕೆ ಈ ಪರೀಕ್ಷೆ ಮಾಡಿಸಿದೆವು. ಹಳದಿ ಮೊಟ್ಟೆ ಸಿಕ್ಕಿತು, ಔಷಧಿಯಾಯಿತು, ದನ ಉಳಿಯಿತು.

ಇದೂ ಕೊನೆಯ ಮಾತಲ್ಲ. ಮೊಟ್ಟೆಗಳು ಪಿತ್ತಕೋಶದಲ್ಲಿ ನಿಂತು, ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಬೀಳುತ್ತವೆ. ಒಂದು ಸಲ ಕಾಣದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ನೋಡಿಸಬೇಕು. ಒಂದೇ ದನದ್ದಲ್ಲದೆ ಹಟ್ಟಿಯ ನಾಲ್ಕಾರು ದನಗಳದ್ದನ್ನು ನೋಡಿಸುವುದು ಮೇಲು.

ರಕ್ತ ಪರೀಕ್ಷೆಯೂ ಉಂಟು. ಹುಳು ಹೊಕ್ಕ ಕೆಲವೇ ವಾರಗಳಲ್ಲಿ ಅದು ಸುಳಿವು ಕೊಡುತ್ತದೆ. ಆದರೆ ಹುಳು ಸತ್ತ ಮೇಲೂ ತಿಂಗಳುಗಟ್ಟಲೆ “ಉಂಟು” ಎಂದೇ ಹೇಳೀತು. ಸೆಗಣಿಯಲ್ಲಿ ಹುಳುವಿನ ದ್ರವ್ಯವನ್ನೇ ಹುಡುಕುವ ಹೊಸ ಪರೀಕ್ಷೆ, ಹುಳು ಈಗ ಇದೆಯೇ ಎಂಬುದನ್ನು ಇನ್ನೂ ಚೆನ್ನಾಗಿ ತಿಳಿಸುತ್ತದೆ. ಇವೆರಡೂ ದೊಡ್ಡ ಪ್ರಯೋಗಾಲಯದ ಕೆಲಸ. ನಮ್ಮ ಕೈಗೆ ಸುಲಭವಾಗಿ ಸಿಗುವುದು ತಳಕ್ಕಿಳಿಸುವ ಪರೀಕ್ಷೆಯೇ.

ಈಗ ನೀವು ಮಾಡಬೇಕಾದದ್ದು. ಬೆಳಿಗ್ಗೆ ಆಗತಾನೆ ಹಾಕಿದ ಸೆಗಣಿಯ ನಡುವಿನಿಂದ, ನೆಲ ಮುಟ್ಟದ ಭಾಗವನ್ನು, ಒಂದು ನಿಂಬೆಹಣ್ಣಿನಷ್ಟು ತೆಗೆದು ಮುಚ್ಚಳವಿರುವ ಚೊಕ್ಕ ಡಬ್ಬಿಯಲ್ಲಿ ಹಾಕಿ, ಅಂದೇ ಪಶು ಆಸ್ಪತ್ರೆಗೆ ತಲುಪಿಸಿರಿ. ಯಾವ ದನ, ಎಷ್ಟು ಪ್ರಾಯ, ಗಬ್ಬವೇ, ಔಷಧಿ ಕೊಟ್ಟದ್ದು ಯಾವಾಗ ಎಂದು ಚೀಟಿಯಲ್ಲಿ ಬರೆಯಿರಿ. ಮುಖ್ಯವಾಗಿ “ಬೈಲಿನ ಹುಲ್ಲು ತಿನ್ನುತ್ತದೆ, ಲಿವರ್ ಹುಳುವಿಗೂ ನೋಡಿ” ಎಂದು ಬಾಯಿಬಿಟ್ಟು ಹೇಳಿರಿ. ಗದ್ದದ ಕೆಳಗೆ ನೀರು ತುಂಬಿದ ಊತ, ಕಣ್ಣಿನ ಒಳರೆಪ್ಪೆ ಬಿಳಿಚುವುದು, ಹಾಲು ಇಳಿಯುವುದು ಕಂಡರೆ ಚೀಟಿಯಲ್ಲಿ ಏನೇ ಇರಲಿ, ವೈದ್ಯರನ್ನು ಕರೆಯಿರಿ.

ಅಂಗಡಿಯಿಂದ ಔಷಧಿ ತಂದು ನೀವೇ ಕುಡಿಸಬೇಡಿ. ಕೆಲವು ಔಷಧಿ ಬೆಳೆದ ಹುಳುವನ್ನು ಮಾತ್ರ ಕೊಲ್ಲುತ್ತದೆ, ಕೆಲವು ಗಬ್ಬದ ದನಕ್ಕೆ ಆಗದು. ಹಾಲನ್ನು ಎಷ್ಟು ದಿನ ಬಳಸಬಾರದೆಂದೂ ಕೇಳಿಕೊಳ್ಳಿ. ಔಷಧಿ ಕೊಟ್ಟು ಮೂರು ವಾರವಾದ ಮೇಲೆ ಮತ್ತೆ ಸೆಗಣಿ ನೋಡಿಸಿರಿ. ಅದಕ್ಕೂ ಮುಂಚೆ ನೋಡಿದರೆ ಪಿತ್ತಕೋಶದಲ್ಲಿ ಉಳಿದಿದ್ದ ಹಳೆಯ ಮೊಟ್ಟೆ ಕಂಡು ಮೋಸ ಹೋದೀರಿ.

ನೀರಿಗೆ ಮುಳುಗಿದ ಬುಡದ ಹುಲ್ಲನ್ನು ಬಿಟ್ಟು ಮೇಲಿನದನ್ನು ಕೊಯ್ಯಿರಿ. ತೋಡಿನ ನೀರಿನ ಬದಲು ಬಾವಿಯ ನೀರು ಕುಡಿಸಿರಿ. ಹಸಿ ಸೆಗಣಿಯನ್ನು ಬೈಲಿಗೆ ಚೆಲ್ಲದೆ ಗೊಬ್ಬರದ ಗುಂಡಿಯಲ್ಲಿ ಚೆನ್ನಾಗಿ ಕೊಳೆಯಿಸಿರಿ. ಅಲ್ಲಿಯ ಕಾವಿಗೆ ಮೊಟ್ಟೆ ಸಾಯುತ್ತದೆ.

ಆ ಮನೆಯವರು ಈಗಲೂ ದನ ಸಾಕುತ್ತಾರೆ. ಪ್ರತಿ ವರ್ಷ ಸಂಕ್ರಾಂತಿಗೆ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋಗುತ್ತಾರೆ. ಚೀಟಿ ಕೈಗೆ ಬಂದಾಗ, “ಯಾವ ರೀತಿಯಲ್ಲಿ ನೋಡಿದ್ದು ಸಾರ್?” ಎಂದು ಮೊದಲು ಕೇಳುತ್ತಾರೆ. ನೀವೂ ಕೇಳಿರಿ.