ವಿಜ್ಞಾನ ಬೋಧನೆಯಲ್ಲಿ ಡಿಜಿಟಲ್ ಅಭ್ಯಾಸಹಾಳೆ: ಒಂದು ಪಾಠದ ಅನುಭವ



ಕಾಸರಗೋಡಿನ ನಮ್ಮ ಪ್ರೌಢಶಾಲೆಗಳಿಗೆ ಕೈಟ್ ಸಂಸ್ಥೆಯ ಮೂಲಕ ಲ್ಯಾಪ್‌ಟಾಪ್, ಪ್ರೊಜೆಕ್ಟರ್‌ಗಳು ಬಂದು ವರ್ಷಗಳಾದವು. ಅವುಗಳ ಮೂಲಕ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ನಾವು ಏನನ್ನು ಕೊಡುತ್ತೇವೆ ಎಂಬುದೇ ಇಂದಿನ ಪ್ರಶ್ನೆ. ಓಮ್‌ನ ನಿಯಮದ ಪಾಠದಲ್ಲಿ ನಾನು ಕಲಿತದ್ದನ್ನು ತಮ್ಮ ಮುಂದಿಡುತ್ತೇನೆ.

ನಾನು ಮೊದಲು ಸಿದ್ಧಪಡಿಸಿದ ಅಭ್ಯಾಸಹಾಳೆಯಲ್ಲಿ ಹತ್ತು ಬಿಟ್ಟ ಸ್ಥಳಗಳಿದ್ದವು. ಉತ್ತರವನ್ನು ಟೈಪ್ ಮಾಡಿದೊಡನೆ ಕಂಪ್ಯೂಟರೇ ಅಂಕ ನೀಡುತ್ತಿತ್ತು. ಒಬ್ಬ ವಿದ್ಯಾರ್ಥಿನಿ ‘ರೋಧ’ ಎಂದು ಬರೆದಳು. ನಾನು ಉತ್ತರಸೂಚಿಯಲ್ಲಿ ಕೊಟ್ಟಿದ್ದುದು ‘ಪ್ರತಿರೋಧ’. ಕೆಂಪು ಗುರುತು ಬಿತ್ತು. ಇನ್ನೊಬ್ಬನು ‘ವಿದ್ಯುತ್ ಪ್ರವಾಹ’ ಎಂದು ಬಿಡಿಸಿ ಬರೆದಿದ್ದನು. ನಾನು ಕೂಡಿಸಿ ಬರೆದಿದ್ದೆ. ಅವನಿಗೂ ಕೆಂಪು ಗುರುತೇ. “ಸರ್, ನನ್ನ ವಿಜ್ಞಾನ ತಪ್ಪೋ, ಕನ್ನಡ ತಪ್ಪೋ?” ಎಂದು ಹುಡುಗಿ ಕೇಳಿದಳು. ತಪ್ಪಿದ್ದುದು ನನ್ನ ಹಾಳೆಯಲ್ಲಿ. ಗಡಿನಾಡಿನ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ತನ್ನ ಭಾಷೆಯಲ್ಲಿ ವಿಜ್ಞಾನವನ್ನು ಬರೆಯಲಾಗದೆಂಬ ಸಂದೇಹ ಬೇರೂರಲು ಇಂತಹ ನಾಲ್ಕು ಗುರುತುಗಳು ಸಾಕು.

ಆ ಬಳಿಕ ಹಾಳೆಯನ್ನು ನಾಲ್ಕು ಭಾಗಗಳಲ್ಲಿ ರೂಪಿಸಿದೆ. ಮೊದಲನೆಯದು ಊಹೆ. “ಒಂದು ಕೋಶದ ಬದಲು ಎರಡನ್ನು ಒಂದರ ಹಿಂದೊಂದು ಜೋಡಿಸಿದರೆ ಪ್ರವಾಹ ಏನಾಗುವುದು? ಏಕೆ?” ಇದಕ್ಕೆ ಮಕ್ಕಳು ತಮ್ಮ ಮಾತಿನಲ್ಲೇ ಎರಡು ವಾಕ್ಯ ಬರೆಯಬೇಕು. ಅಂಕವಿಲ್ಲ.

ಎರಡನೆಯದು ಸಿಮ್ಯುಲೇಶನ್. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಸಿಮ್ಯುಲೇಶನ್‌ಗಳು ಉಚಿತವಾಗಿ ದೊರೆಯುತ್ತವೆ. ಇಳಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತವೆ. ಅದರಲ್ಲಿ 10 ಓಮ್ ಪ್ರತಿರೋಧಕಕ್ಕೆ 1.5, 3, 4.5 ವೋಲ್ಟ್ ಕೊಟ್ಟರೆ 0.15, 0.30, 0.45 ಆಂಪಿಯರ್ ಪ್ರವಾಹ ಕಾಣುತ್ತದೆ. ನಕ್ಷೆ ನೇರ ರೇಖೆಯಾಗುತ್ತದೆ.

ಮೂರನೆಯದು ಟಾರ್ಚಿನ ಕೋಶ, ತಂತಿ, ಅಮ್ಮೀಟರ್‌ಗಳಿಂದ ಮಾಡುವ ನೈಜ ಪ್ರಯೋಗ. ಇದನ್ನು ಎಂದಿಗೂ ಕೈಬಿಡಬಾರದು. ಎರಡು ಕೋಶಗಳಿಗೆ ನಮಗೆ ದೊರೆತದ್ದು 0.27 ಆಂಪಿಯರ್. ನಾಲ್ಕನೆಯ ಭಾಗದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: “ಪರದೆಯ ಮೇಲೆ 0.30, ಮೇಜಿನ ಮೇಲೆ 0.27. ಏಕೆ? ನಿನ್ನ ಮೊದಲ ಊಹೆಯಲ್ಲಿ ಏನನ್ನು ಬದಲಾಯಿಸುವೆ?” ಸಿಮ್ಯುಲೇಶನ್ ಆದರ್ಶ ಕೋಶವನ್ನು ತೋರಿಸುತ್ತದೆ, ನಿಜವಾದ ಕೋಶಕ್ಕೆ ಆಂತರಿಕ ಪ್ರತಿರೋಧವಿದೆ. ಈ ವ್ಯತ್ಯಾಸವನ್ನು ಚರ್ಚಿಸುವಾಗಲೇ ಮಕ್ಕಳು ವಿಜ್ಞಾನವನ್ನು ಮಾತನಾಡತೊಡಗುತ್ತಾರೆ.

ಇನ್ನು ಕೆಲವು ವ್ಯಾವಹಾರಿಕ ಸೂಚನೆಗಳು. ಸಂಖ್ಯೆ ಮತ್ತು ಏಕಮಾನಗಳಿಗೆ ಕಂಪ್ಯೂಟರ್ ಅಂಕ ನೀಡಲಿ. ಪದಗಳಿಗಾದರೆ, ಬಳಕೆಯಲ್ಲಿರುವ ಎಲ್ಲ ರೂಪಗಳನ್ನೂ ಉತ್ತರಸೂಚಿಯಲ್ಲಿ ಸೇರಿಸಿರಿ. ಕರ್ನಾಟಕದಲ್ಲಿ ಸಿದ್ಧವಾದ ಹಾಳೆಯ ಪದವೂ ನಮ್ಮ ಪಠ್ಯಪುಸ್ತಕದ ಪದವೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಹಾಳೆಯನ್ನು ಯೂನಿಕೋಡ್‌ನಲ್ಲೇ ಸಿದ್ಧಪಡಿಸಿರಿ. ಹಳೆಯ ಫಾಂಟ್‌ಗಳಲ್ಲಿ ಮಾಡಿದ್ದು ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಕನ್ನಡ ಟೈಪಿಂಗ್ ನಿಧಾನವಾದರೆ ವಾಕ್ಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿಸಿರಿ. ವಾಕ್ಯಗಳನ್ನು ಮಾತ್ರ ಶಿಕ್ಷಕರೇ ಓದಬೇಕು. ನಲವತ್ತು ಮಕ್ಕಳಿದ್ದರೆ ನಾಲ್ವರಿಗೊಂದು ಹಾಳೆ ಕೊಡಿರಿ. ಓದಬೇಕಾದವು ಹತ್ತೇ ಆಗುತ್ತವೆ.

ಆ ಹುಡುಗಿ ಎರಡನೆಯ ಹಾಳೆಯಲ್ಲಿ, “ಕೋಶ ಹಳತಾಗಿರಬೇಕು, ಅದರ ಒಳಗೂ ರೋಧ ಉಂಟು” ಎಂದು ಬರೆದಿದ್ದಳು. ಪದ ಅವಳದೇ, ವಿಚಾರವೂ ಅವಳದೇ. ಇಂತಹ ವಾಕ್ಯಕ್ಕೆ ಸ್ಥಳವಿಲ್ಲದ ಅಭ್ಯಾಸಹಾಳೆಯನ್ನು, ಅದು ಎಷ್ಟೇ ಆಕರ್ಷಕವಾಗಿರಲಿ, ನಮ್ಮ ಮಕ್ಕಳ ಮುಂದಿಡುವ ಮೊದಲು ಇನ್ನೊಮ್ಮೆ ತಿದ್ದೋಣ.