ಕಚ್ಚಿದವರು ಯಾರೆಂದು ಎಳೆಗಿಡವು ಬಲ್ಲುದೆ?

(ಶಾಲಾ ವಾರ್ಷಿಕೋತ್ಸವದ ಭಾಷಣ)



ಗಿಡಕ್ಕೆ ಓಡಲು ಕಾಲಿಲ್ಲ, ಕೂಗಲು ಬಾಯಿಲ್ಲ. ಆದುದರಿಂದ ಪಶುವು ಬಂದು ಕುಡಿಯನ್ನು ಕಚ್ಚಿದಾಗ ಅದು ಸುಮ್ಮನೆ ಸಹಿಸಿಕೊಂಡಿರುವುದೆಂದು ನಾವು ಭಾವಿಸುತ್ತೇವೆ. ಸಂಗತಿ ಹಾಗಿಲ್ಲ.

ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಬೀಚ್ ಮತ್ತು ಮೇಪಲ್ ಎಂಬ ಮರಗಳ ಸಸಿಗಳನ್ನು ಪರೀಕ್ಷಿಸಿ, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಲ್ಲಿನ ಕಾಡುಗಳಲ್ಲಿ ರೋ ಎಂಬ ಜಿಂಕೆಗೆ ಎಳೆಗಿಡಗಳ ಮೊಗ್ಗೆಂದರೆ ಬಲು ಪ್ರೀತಿ. ವಿದ್ವಾಂಸರು ಕೆಲವು ಸಸಿಗಳ ಎಲೆ ಮೊಗ್ಗುಗಳನ್ನು ಬರಿದೆ ಕತ್ತರಿಸಿದರು; ಇನ್ನು ಕೆಲವನ್ನು ಕತ್ತರಿಸಿ, ಗಾಯದ ಮೇಲೆ ಜಿಂಕೆಯ ಜೊಲ್ಲನ್ನು ಹನಿಸಿದರು. ಬರಿಯ ಗಾಯವಾದಾಗ ಸಸಿಯು ಅದನ್ನು ಮಾಯಿಸುವ ರಸಗಳನ್ನಷ್ಟೇ ಹೆಚ್ಚಿಸಿತು. ಜೊಲ್ಲು ತಾಗಿದಾಗಲೋ, ಸ್ಯಾಲಿಸಿಲಿಕ್ ಆಮ್ಲವು ಏರಿತು. ಬಾಯಿಗೆ ಒಗರಾದ ಟ್ಯಾನಿನ್‌ಗಳು ಹೆಚ್ಚಿದವು. ಉಳಿದ ಮೊಗ್ಗುಗಳನ್ನು ಬೇಗ ಬೆಳೆಸುವ ಚೋದಕಗಳೂ ಹೆಚ್ಚಿದವು. ಕತ್ತರಿಗೂ ಹಲ್ಲಿಗೂ ಇರುವ ಭೇದವನ್ನು ಮೊಳಕಾಲೆತ್ತರದ ಸಸಿಯೂ ಬಲ್ಲುದು!

ಈ ಒಗರು ಪುಕ್ಕಟೆಯಾಗಿ ಬರುವುದಿಲ್ಲ. ಸಸಿಯು ತನ್ನ ಬೆಳವಣಿಗೆಯ ಗಂಟಿನಿಂದಲೇ ಅದಕ್ಕೆ ವೆಚ್ಚ ಮಾಡಬೇಕು. ಹಾಗಾದರೆ ತಿನ್ನುವವರೇ ಇಲ್ಲವಾದರೆ ಗಿಡಕ್ಕೆ ಲಾಭವಷ್ಟೆ? ಲೆಕ್ಕಕ್ಕೆ ಹಾಗೆ ತೋರುತ್ತದೆ. ಆಫ್ರಿಕೆಯ ಕೀನ್ಯಾದಲ್ಲಿ ಕಂಡುದು ಬೇರೆ.

ಅಲ್ಲಿನ ಲೈಕಿಪಿಯ ಎಂಬ ಸೀಮೆಯಲ್ಲಿ, ನಮ್ಮ ಸೊಲ್ಲಾಪುರದ ಕಡೆಯಂಥ ಎರೆಮಣ್ಣಿನಲ್ಲಿ, ಒಂದು ಬಗೆಯ ಜಾಲಿ ಬೆಳೆಯುತ್ತದೆ. ಅದರ ಕೆಲವು ಮುಳ್ಳುಗಳ ಬುಡ ಉಬ್ಬಿ ಟೊಳ್ಳಾಗಿದ್ದು, ಇರುವೆಗಳು ಅಲ್ಲಿ ಮನೆಮಾಡುತ್ತವೆ. ಮರವು ಅವಕ್ಕೆ ಸಿಹಿರಸವನ್ನೂ ಉಣಿಸುತ್ತದೆ. ಆನೆಯಾಗಲಿ ಜಿರಾಫೆಯಾಗಲಿ ಬಾಯಿ ಹಾಕಿದರೆ ಇರುವೆಗಳ ದಂಡು ಮುತ್ತಿ ಕಚ್ಚುತ್ತದೆ. 1995ರಲ್ಲಿ ಅಲ್ಲಿ ಬೇಲಿ ಕಟ್ಟಿ ದೊಡ್ಡ ಪ್ರಾಣಿಗಳನ್ನು ಹೊರಗಿಟ್ಟರು. ಹತ್ತು ವರ್ಷಗಳ ತರುವಾಯ ನೋಡಲಾಗಿ, ಒಳಗಿನ ಮರಗಳು ಉಬ್ಬುಮುಳ್ಳನ್ನೂ ಸಿಹಿರಸವನ್ನೂ ಕಡಿಮೆ ಮಾಡಿದ್ದವು. ಸಂಬಳ ಇಳಿದ ಕಾವಲುಗಾರರಂತೆ ಇರುವೆಗಳು ಮೈಗಳ್ಳರಾದವು. ಅನೇಕ ಮರಗಳನ್ನು ಬೇರೊಂದು ಜಾತಿಯ ಇರುವೆ ಆಕ್ರಮಿಸಿತು. ಅದು ಕಾಂಡ ಕೊರೆಯುವ ದುಂಬಿಯ ಬಿಲಗಳಲ್ಲಿ ವಾಸಿಸುವುದಾದ್ದರಿಂದ, ದುಂಬಿ ಬಂದರೆ ಅದಕ್ಕೆ ಸಂತೋಷವೇ! ಅಂಥ ಮರಗಳು ಕುಗ್ಗಿ ಬೆಳೆದವು, ಹೆಚ್ಚಾಗಿ ಸತ್ತವು. 2008ರಲ್ಲಿ ಪ್ರಕಟವಾದ ವಿಷಯವಿದು.

ಇದನ್ನು ಕೇಳಿ ಶಾಲೆಯ ಸಸಿಗಳ ಬೇಲಿಯನ್ನು ಯಾರೂ ಕೀಳತಕ್ಕದ್ದಲ್ಲ. ನಮ್ಮ ಆಡುಗಳು ಒಗರಿಗೆ ಹೆದರುವ ಜಾತಿಯವಲ್ಲ. ಕುಡಿಯು ಮತ್ತೆ ಮತ್ತೆ ಹೋದರೆ ಸಸಿಯು ಪೊದೆಯಾಗಿಯೇ ಉಳಿದೀತು. ಆದರೆ ಒಮ್ಮೆ ಕಚ್ಚಿಸಿಕೊಂಡ ಸಸಿಯನ್ನು ಕಿತ್ತೆಸೆಯದೆ, ಬುಡಕ್ಕೆ ನೀರೆರೆದು ಕೆಲವು ದಿನ ಕಾಯಿರಿ. ಕಡಿದ ಕುಡಿಯ ಕೆಳಗೆ, ಎಲೆಯ ಕಂಕುಳಲ್ಲಿ, ಅದುವರೆಗೆ ಮಲಗಿದ್ದ ಮೊಗ್ಗೊಂದು ಕಣ್ತೆರೆಯುವುದನ್ನು ಮಕ್ಕಳು ತಾವೇ ಕಾಣಬಹುದು.