ಮಾಡಿದ ಕೆಲಸವನ್ನು ಬಲ್ಲವರಿಗೆ ತೋರಿಸಿರಿ
(ಬೈಲಹೊಂಗಲದಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಬೆಳ್ಳಿ ಕೆಲಸ ಕಲಿಯುತ್ತಿದ್ದಾಗ ನಾನು ಮಾಡಿದ ಒಂದು ಜೊತೆ ಝುಮಕಿಯನ್ನು ಮನೆಯವರೆಲ್ಲ ಹೊಗಳಿದರು. ಅಂಗಡಿಯವರು ಮಾತ್ರ ಬರೀ ಬೆಳ್ಳಿಯ ತೂಕಕ್ಕೆ ಬೆಲೆ ಕಟ್ಟಿದರು. ಮಜೂರಿ ಒಂದು ಪೈಸೆಯೂ ಸಿಗಲಿಲ್ಲ. ಕಾರಣ ತಿಳಿಸಿದವರು ಹಿರಿಯ ಪತ್ತಾರರೊಬ್ಬರು. ಅಂಚಿನ ಮೇಲೆ ಹತ್ತಿಯ ಎಳೆ ಆಡಿಸಿದರು, ಎಳೆ ಸಿಕ್ಕಿಕೊಂಡಿತು. "ತಮ್ಮಾ, ಇದು ಹೆಣ್ಮಕ್ಕಳ ಸೆರಗು ಹರೀತದ" ಎಂದರು.

ಅರದ ಗೆರೆ ಹೋಗಿಸಲು 220ರ ಪಾಲಿಶ್ ಕಾಗದ, ಆಮೇಲೆ 400, 600, 1000. ಪ್ರತಿ ಸಲ ಹಿಂದಿನದಕ್ಕೆ ಅಡ್ಡವಾಗಿ ಉಜ್ಜಬೇಕು; ಆಗ ಉಳಿದ ಹಳೆಯ ಗೆರೆ ತಾನಾಗಿ ಕಾಣುತ್ತದೆ. ನಾನು ಅವಸರದಲ್ಲಿ ನಡುವಿನವನ್ನು ಬಿಟ್ಟಿದ್ದೆ. ಹೊಳಪು ಕೊಟ್ಟರೆ ಆಳದ ಗೆರೆ ಅಳಿಯುವುದಿಲ್ಲ, ಎದ್ದು ಕಾಣುತ್ತದೆ.

ಆದ್ದರಿಂದ ಹೊಳಪು ಕೊಡುವ ಮೊದಲೇ ಒಯ್ದು ತೋರಿಸಿರಿ. "ಹೆಂಗೈತ್ರಿ?" ಎಂದರೆ "ಛಲೋ ಐತಿ" ಎಂದು ಕಳಿಸುತ್ತಾರೆ. "ಎಲ್ಲಿ ತಪ್ಪೇತ್ರಿ, ಕಾಕಾ?" ಎಂದು ಕೇಳಿರಿ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಕೆಯೂ ಇದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಗೊತ್ತುಮಾಡಿದ್ದಾರೆ. ಕಿತ್ತೂರು, ಸವದತ್ತಿ, ರಾಮದುರ್ಗದ ಹುಡುಗ ಹುಡುಗಿಯರು ವಿಚಾರಿಸಿರಿ. ಅಲ್ಲಿಗೂ ಬರಿಗೈಲೆ ಹೋಗಬೇಡಿರಿ, ಕೆಟ್ಟಿದ್ದನ್ನೇ ಒಯ್ಯಿರಿ.

ಆ ಝುಮಕಿಯನ್ನು ನಾನು ಮೂರು ಸಲ ತಿದ್ದಿದೆ. ನಾಲ್ಕನೆಯ ಸಲ ಪತ್ತಾರರು ಎಳೆ ಆಡಿಸಿದಾಗ ಸಿಕ್ಕಲಿಲ್ಲ. "ಈಗ ಕೊಂಡಿ ತೋರಿಸು" ಎಂದರು.